ಕನ್ನಡಕದ ಡಬ್ಬಿ ಇಟ್ಟ ಜಾಗ

ನಮ್ಮತ್ತೆ ದಿನಕ್ಕೆ ಮೂರು ಸಲ ನನ್ನ ರೂಮಿಗೆ ಬಗ್ಗಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಬಿ.ಪಿ. ಮಾತ್ರೆಗೆ, ಮಧ್ಯಾಹ್ನ ಒಣಗಿದ ಸೀರೆ ಮಡಿಸಿಡಲು, ಸಂಜೆ ದೇವಸ್ಥಾನಕ್ಕೆ ಹೊರಡುವ ಮುಂಚೆ ಶಾಲಿಗೆ. ಮೂರೂ ಇರುವುದು ಆ ರೂಮಿನ ಮೂಲೆಯ ಬೀರುವಿನಲ್ಲಿ. ಬಾಗಿಲನ್ನು ಬೆರಳ ತುದಿಯಲ್ಲಿ ತಳ್ಳಿ, ನಾನು ಕಂಪ್ಯೂಟರ್ ಮುಂದೆ ಮಾತಾಡುತ್ತಿದ್ದೇನೋ ಸುಮ್ಮನಿದ್ದೇನೋ ಎಂದು ಮೊದಲು ನೋಡುತ್ತಿದ್ದರು. ಮಾತಾಡುತ್ತಿದ್ದರೆ ಕ್ಯಾಮೆರಾಗೆ ಬೀಳಬಾರದೆಂದು ಸೊಂಟದಿಂದ ಬಗ್ಗಿ, ಮಂಡಿ ಮೇಲೆ ಕೈಯೂರಿಕೊಂಡು ನನ್ನ ಕುರ್ಚಿಯ ಹಿಂದೆ ಹಾದುಹೋಗುತ್ತಿದ್ದರು. ಅರವತ್ತೊಂಬತ್ತು ವಯಸ್ಸು, ಎರಡೂ ಮಂಡಿ ನೋವು. ನಾನು ನೋಡಿಯೂ ನೋಡದವಳ ಹಾಗೆ ಕೂತಿರುತ್ತಿದ್ದೆ.

ನನ್ನ ರೂಮು ಎಂದೆನಲ್ಲ, ಅದು ಸುಳ್ಳು. ಅದು ಅವರ ರೂಮು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಇರುವುದೇ ಎರಡು ರೂಮು. ಒಂದರಲ್ಲಿ ನಾನು, ನನ್ನ ಗಂಡ, ಮತ್ತು ಮದುವೆಯಲ್ಲಿ ನಮ್ಮಪ್ಪ ಹಟ ಹಿಡಿದು ಮಾಡಿಸಿಕೊಟ್ಟ ತೇಗದ ಮಂಚ. ಆ ಮಂಚ ಒಳಗೆ ಬಂದ ಮೇಲೆ ಉಳಿದದ್ದು ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಅಲ್ಲಿ ಮೇಜು ಹಾಕುವ ಮಾತೇ ಇಲ್ಲ. ಇನ್ನೊಂದು ರೂಮು ಅತ್ತೆಯದು. ಲಾಕ್‌ಡೌನ್ ಶುರುವಾದಾಗ, "ಅತ್ತೆ, ಹದಿನೈದು ದಿನ ಅಷ್ಟೇ, ನಿಮ್ಮ ರೂಮಲ್ಲಿ ಕೂತು ಕೆಲಸ ಮಾಡ್ಕೋತೀನಿ" ಅಂದೆ. "ಅದಕ್ಕೇನಮ್ಮ, ಹಗಲು ಹೊತ್ತು ನಾನೆಲ್ಲಿ ಅಲ್ಲಿರ್ತೀನಿ, ಖಾಲೀನೇ ಇರತ್ತೆ" ಅಂದರು.

ಮೊದಲು ಒಂದು ಮಡಿಸುವ ಮೇಜು ಒಳಗೆ ಹೋಯಿತು. ಅದರ ಹಿಂದೆಯೇ ಕುರ್ಚಿ, ಇನ್ನೊಂದು ಸ್ಕ್ರೀನು, ಪ್ರಿಂಟರು, ಕರೆಂಟು ಹೋದರೆ ಇರಲಿ ಎಂದು ಯು.ಪಿ.ಎಸ್ಸು. ಅವರ ಮಂಚವನ್ನು ಗೋಡೆಗೆ ಒತ್ತಿದೆವು. ಆಮೇಲೆ ಆ ಮಂಚದ ಮೇಲೆ ನನ್ನ ರಟ್ಟಿನ ಡಬ್ಬಗಳು ಹತ್ತಿ ಕೂತವು. ಅತ್ತೆ ಹಾಲಿನ ದಿವಾನಕ್ಕೆ ಹೋದರು. ಲಾಕ್‌ಡೌನ್ ಮುಗಿಯಿತು, ಜನ ಮಾಸ್ಕು ಬಿಸಾಕಿದರು, ಅತ್ತೆ ಮಾತ್ರ ದಿವಾನದ ಮೇಲೇ ಉಳಿದರು. ಬಾಡಿಗೆಯವರಾಗಿದ್ದರೆ ಖಾಲಿ ಮಾಡಿ ಎಂದು ಹೇಳಬಹುದಿತ್ತು, ಸೊಸೆಗೆ ಯಾರು ಹೇಳುತ್ತಾರೆ?

ಹಾಲಿನಲ್ಲಿ ಟಿ.ವಿ. ಇದೆ. ನನ್ನ ಗಂಡ ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳಿ ಬಂದವರು ಟಿ.ವಿ. ಮುಂದೆ ಕೂತರೆ, ನಾಲ್ಕು ಜನ ಒಟ್ಟಿಗೆ ಕಿರುಚುವ ಚರ್ಚೆ ಮುಗಿಯುವವರೆಗೆ ಏಳುವುದಿಲ್ಲ. ಅತ್ತೆ ಅದೇ ದಿವಾನದ ತುದಿಯಲ್ಲಿ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಕಾಯುತ್ತಿದ್ದರು. ಸೌಂಡ್ ಕಡಿಮೆ ಮಾಡು ಎಂದು ಅವರು ಒಂದು ದಿನವೂ ಹೇಳಿದ್ದನ್ನು ನಾನು ಕೇಳಿಲ್ಲ. "ಅಮ್ಮಂಗೆ ದಿವಾನಾನೇ ಅಭ್ಯಾಸ ಆಗೋಗಿದೆ" ಎಂದು ಇವರು ಒಮ್ಮೆ ಸಹಜವಾಗಿ ಅಂದಾಗ, "ಹಾಗಾದ್ರೆ ನಾನೇ ಕಿತ್ಕೊಂಡೆ ಅಂತೀರಾ?" ಎಂದು ಎಗರಿಬಿದ್ದಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ರೂಮನ್ನು ಬಿಡದಿರಲು ನನಗೆ ಇನ್ನೊಂದು ಕಾರಣವಿತ್ತು. ಎಲ್ಲರೂ ವಾರಕ್ಕೆ ಮೂರು ದಿನ ವೈಟ್‌ಫೀಲ್ಡಿನ ಆಫೀಸಿಗೆ ಬರಬೇಕೆಂದು ನಮ್ಮ ಕಂಪನಿ ಹೇಳಿತ್ತು. ಮನೆಯಲ್ಲಿ ಕೆಲಸಕ್ಕೆಂದೇ ಪ್ರತ್ಯೇಕ ಕೋಣೆ ಇರುವವರಿಗೆ ವಿನಾಯಿತಿ; ಫಾರಂ ತುಂಬಿ, ಕೋಣೆಯ ಫೋಟೊ ಕಳಿಸಬೇಕು. ನಗರದ ಈ ತುದಿಯಿಂದ ಆ ತುದಿಗೆ ನಿಂತುಕೊಂಡು ಹೋಗುವುದನ್ನು ನೆನೆಸಿಕೊಂಡೇ ನನ್ನ ಕಾಲು ನೋಯತೊಡಗಿದವು. ಗೋಡೆಯ ಮೇಲಿನ ದೇವರ ಕ್ಯಾಲೆಂಡರನ್ನು ಇಳಿಸಿದೆ. ಮಂಚದ ಕಡೆ ಕ್ಯಾಮೆರಾ ತಿರುಗಿಸಲಿಲ್ಲ. ಬೀರು ಮಾತ್ರ ಎಷ್ಟು ಸರಿದರೂ ಫೋಟೊದಲ್ಲಿ ಬರುತ್ತಿತ್ತು, ಅದಕ್ಕೆ ಬಿಳಿ ಬೆಡ್‌ಶೀಟು ಹೊದಿಸಿದೆ. ಮ್ಯಾನೇಜರು ಫೋಟೊ ನೋಡಿ, "ವೈಟ್ ಬೋರ್ಡೂ ಹಾಕಿಸಿಕೊಂಡಿದ್ದೀರಾ, ಗುಡ್" ಎಂದು ಒಪ್ಪಿಗೆ ಕೊಟ್ಟರು. ಬೆಡ್‌ಶೀಟು ಹಿಡಿದುಕೊಂಡು ನಿಂತಿದ್ದವರು ಅತ್ತೆಯೇ.

ಈಗ ನನ್ನ ಕೆಲಸದ ವಿಷಯ ಹೇಳಬೇಕು. ನಾನು ಡ್ರೈವರ್ ಬರೆಯುವವಳು. ಬಸ್ಸಿನ ಹಾಸ್ಯವನ್ನು ನಮ್ಮ ನೆಂಟರೆಲ್ಲ ಮಾಡಿ ಮುಗಿಸಿದ್ದಾರೆ, ನೀವು ದಯವಿಟ್ಟು ಬಿಟ್ಟುಬಿಡಿ. ಒಂದು ದೊಡ್ಡ ಕಂಪ್ಯೂಟರಿನೊಳಗೆ ಹತ್ತಾರು ತೋರಿಕೆಯ ಕಂಪ್ಯೂಟರುಗಳು ವಠಾರದ ಸಂಸಾರಗಳ ಹಾಗೆ ವಾಸವಾಗಿರುತ್ತವೆ. ಅವಕ್ಕೆ ವರ್ಚುವಲ್ ಮೆಷಿನ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ಅದರದೇ ಸ್ಕ್ರೀನು, ಡಿಸ್ಕು, ನೆಟ್‌ವರ್ಕ್ ಕಾರ್ಡು ಇವೆ. ಈ ಒಂದೊಂದಕ್ಕೂ ಮೆಮೊರಿಯ ವಿಳಾಸಗಳಲ್ಲಿ ತಲಾ ಒಂದು ಜಾಗ ಬೇಕು. ಕೇಳಿದವರಿಗೆ, ಯಾರು ಎಲ್ಲಿದ್ದಾರೆ ಎಂಬ ಪಟ್ಟಿ ನೋಡಿ, ಎಲ್ಲಿ ಖಾಲಿ ಇದೆಯೋ ಅಲ್ಲಿ ಜಾಗ ಹಂಚುವ ಪ್ರೋಗ್ರಾಮೇ ನನ್ನ ಡ್ರೈವರು. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡಬಾರದು. ಇಷ್ಟೇ ಕೆಲಸ, ಇಷ್ಟಕ್ಕೇ ನನಗೆ ಸಂಬಳ.

ಅವರೆಕಾಯಿ ಕಾಲದ ಒಂದು ಸೋಮವಾರ ನಮ್ಮ ಟೆಸ್ಟರ್ ಫೋನ್ ಮಾಡಿದರು. ಲಗ್ಗೆರೆಯಲ್ಲಿರುವ, ನನ್ನದೇ ವಯಸ್ಸಿನ ಮನುಷ್ಯ. ನಾನು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಅವರ ಕೆಲಸ, ಅದನ್ನು ಅವರು ಸ್ವಲ್ಪ ಜಾಸ್ತಿಯೇ ಖುಷಿಯಿಂದ ಮಾಡುತ್ತಾರೆ.

"ಮೇಡಂ, ಸ್ಕ್ರೀನು ರಂಗೋಲಿ ಹಾಕ್ತಾ ಇದೆ."

"ಏನು ರಂಗೋಲಿ?"

"ಬಣ್ಣದ ಗೆರೆ ಮೇಡಂ, ಮೇಲಿಂದ ಕೆಳಗೆ. ಆಮೇಲೆ ಮೆಷಿನ್ನೇ ಉಸಿರು ನಿಲ್ಸತ್ತೆ. ನಮ್ಮ ಕಸ್ಟಮರ್ ಒಂದು ಹೊಸ ಕಾರ್ಡ್ ಹಾಕಿದಾರೆ, ಅದು ಬಂದ ಮೇಲಿಂದ ಹೀಗೆ. ಹತ್ತು ಸಲ ಸ್ಟಾರ್ಟ್ ಮಾಡಿದ್ರೆ ಎಂಟು ಸಲ ಸರಿ ಇರತ್ತೆ, ಎರಡು ಸಲ ರಂಗೋಲಿ."

ಹತ್ತಕ್ಕೆ ಹತ್ತೂ ಸಲ ಕೆಡುವ ಯಂತ್ರವನ್ನು ಸರಿ ಮಾಡಬಹುದು. ಎರಡೇ ಸಲ ಕೆಡುವುದು ಮನುಷ್ಯರ ಪ್ರಾಣ ತಿನ್ನುತ್ತದೆ, ನಾವು ನೋಡುವಾಗ ಪಾಪದ ಮುಖ ಮಾಡಿಕೊಂಡು ನಿಂತಿರುತ್ತದೆ. ಮೂರು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಕಾರ್ಡು ಮಾಡಿದವರನ್ನು ಬೈದೆ, ಕಸ್ಟಮರನ್ನು ಬೈದೆ, ಇವರು ಕಾಫಿ ತಂದುಕೊಟ್ಟಾಗ ಸಕ್ಕರೆ ಜಾಸ್ತಿ ಎಂದು ಇವರನ್ನೂ ಬೈದೆ. ಗುರುವಾರ ಮಧ್ಯಾಹ್ನ ತಪ್ಪು ಸಿಕ್ಕಿತು. ಅದು ನನ್ನದೇ ಆಗಿತ್ತು. ವರ್ಷಗಳ ಹಿಂದೆ ನಾನೇ ಬರೆದ ಸಾಲುಗಳು, ಅದರ ಮೇಲೆ ನಾನೇ ಇಂಗ್ಲಿಷಿನಲ್ಲಿ ಬರೆದಿಟ್ಟ ಟಿಪ್ಪಣಿ. ಕನ್ನಡದಲ್ಲಿ ಹೇಳುವುದಾದರೆ: "ಪಟ್ಟಿಯಲ್ಲಿ ಹೆಸರಿಲ್ಲ, ಆದ್ದರಿಂದ ಇಲ್ಲಿ ಯಾರೂ ಇಲ್ಲ, ಕೊಡಬಹುದು." ಮಾಡಿದ್ದುಣ್ಣೋ ಮಹರಾಯ.

ಅಂದು ಸಂಜೆ ಮುಖ ಊದಿಸಿಕೊಂಡು ಊಟದ ಮೇಜಿನ ಹತ್ತಿರ ಕೂತೆ. ಅತ್ತೆ ಹಿದುಕವರೆ ಸಾರಿಗೆಂದು ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದರು. ನಾನೂ ಕೈ ಹಾಕಿದೆ.

"ಏನಾಯ್ತೇ? ಮೂರು ದಿನದಿಂದ ಯಾರ ಹತ್ರಾನೂ ನೆಟ್ಟಗೆ ಮಾತಾಡ್ತಿಲ್ಲ."

ಹೇಳಿದರೆ ಅರ್ಥವಾಗುವುದಿಲ್ಲ ಎಂದುಕೊಂಡೇ ಹೇಳಿದೆ. "ಸ್ಕ್ರೀನು ಅಂತ ಒಂದಿದೆ ಅತ್ತೆ. ಮೆಷಿನ್ ಆನ್ ಆದ ಕೂಡ್ಲೇ, ನನ್ನ ಡ್ರೈವರ್ ಏಳೋಕೂ ಮುಂಚೆ, ಅದಕ್ಕೊಂದು ಜಾಗ ಕೊಟ್ಟು ಕೆಲಸಕ್ಕೆ ಕೂರಿಸಿಬಿಟ್ಟಿರ್ತಾರೆ. ಆದ್ರೆ ಅದರ ಹೆಸರು ಪಟ್ಟಿಗೆ ಬರೋದು ಎಲ್ಲರಿಗಿಂತ ಕೊನೇಲಿ. ಅಷ್ಟರಲ್ಲಿ ಈ ಹೊಸ ಕಾರ್ಡು ಬಂದು, ನಂಗೆ ದೊಡ್ಡ ಜಾಗ ಬೇಕು ಅನ್ನತ್ತೆ. ನಾನು ಪಟ್ಟಿ ನೋಡ್ತೀನಿ, ಖಾಲಿ ಅಂತ ಕಾಣತ್ತೆ, ಕೊಟ್ಟುಬಿಡ್ತೀನಿ. ಇಬ್ರೂ ಒಂದೇ ಕಡೆ ಬರೆಯೋಕೆ ಶುರು ಮಾಡ್ತಾರೆ, ಎಲ್ಲಾ ಕಲಸುಮೇಲೋಗರ."

"ಎಲ್ಲರಿಗಿಂತ ಮುಂಚೆ ಎದ್ದು ಕೆಲಸ ಮಾಡೋದು ಅದೇ?"

"ಹೂಂ."

"ಮತ್ತೆ ಅದಕ್ಕೇ ಜಾಗ ಇಲ್ವಾ? ಬಾಯಿ ಬಿಟ್ಟು ಹೇಳಬಾರದಾ, ಇದು ನಂದು ಅಂತ?"

"ಅದಕ್ಕೆ ಬಾಯಿ ಕೊನೇಲಿ ಬರತ್ತೆ ಅತ್ತೆ."

ಅತ್ತೆ ಒಂದು ಕಾಳನ್ನು ಒತ್ತಿದರು. ಬೇಳೆ ಹಾರಿ ನನ್ನ ಮಡಿಲಿಗೆ ಬಿತ್ತು. "ಬಾಯಿಲ್ಲದೋರಿಗೆ ಬೇರೆಯೋರು ಕರ್ಚೀಫ್ ಹಾಕಿ ಇಟ್ಟಿರಬೇಕು ಕಣೇ" ಅಂದರು. "ಮೊದಲು ಕರ್ಚೀಫು, ಆಮೇಲೆ ಊರೋರಿಗೆ ಜಾಗ."

ಇದನ್ನು ಹೇಳುವ ಅಧಿಕಾರ ಅವರಿಗಿತ್ತು. ಮದುವೆ ಊಟದಲ್ಲಿ ಜಾಗ ಹಿಡಿಯುವ ವಿದ್ಯೆಯಲ್ಲಿ ನಮ್ಮತ್ತೆಯನ್ನು ಮೀರಿಸುವವರು ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾರೂ ಇಲ್ಲ. ಮೇಲೆ ಧಾರೆ ನಡೆಯುವಾಗಲೇ ಅವರ ಕಿವಿ ಕೆಳಗಿನ ಊಟದ ಹಾಲಿನ ಕಡೆ ಇರುತ್ತದೆ. ಬಾಗಿಲು ತೆರೆದ ಶಬ್ದ ಕೇಳಿದರೆ ಸಾಕು, ಮಂಡಿ ನೋವು ಮರೆತು ಮೆಟ್ಟಿಲಿಳಿಯುತ್ತಾರೆ. ನಾವು ಹೋಗುವಷ್ಟರಲ್ಲಿ ಒಂದು ಕುರ್ಚಿಯ ಮೇಲೆ ಕರ್ಚೀಫು, ಇನ್ನೊಂದರ ಮೇಲೆ ಪರ್ಸು, ಮತ್ತೊಂದರ ಮೇಲೆ ತೆಂಗಿನಕಾಯಿಯ ತಾಂಬೂಲದ ಚೀಲ. ನಮ್ಮ ಕಡೆ ಇದೊಂದು ಬರೆಯದ ಕಾನೂನು. ಖಾಲಿ ಕುರ್ಚಿಗೆ ಜನ ಕಚ್ಚಾಡುತ್ತಾರೆ, ಆದರೆ ಕರ್ಚೀಫು ಬಿದ್ದ ಕುರ್ಚಿಯನ್ನು ಯಾರೂ ಮುಟ್ಟುವುದಿಲ್ಲ.

ಶುಕ್ರವಾರ ನಾನು ಅದನ್ನೇ ಬರೆದೆ. ನನ್ನ ಡ್ರೈವರು ಎದ್ದ ತಕ್ಷಣ, ಯಾರಿಗೂ ಏನನ್ನೂ ಕೊಡುವ ಮುಂಚೆ, ಸ್ಕ್ರೀನು ಎಲ್ಲಿ ಕೂತಿದೆ ಎಂದು ವಿಚಾರಿಸಿ ಆ ಜಾಗವನ್ನು ಪಟ್ಟಿಯಲ್ಲಿ ಕಾದಿರಿಸಬೇಕು. ಆಮೇಲೆ ಯಾರು ಬಂದು ಕೇಳಿದರೂ ಅದನ್ನು ಬಿಟ್ಟು ಬೇರೆ ಕಡೆ ಕೊಡಬೇಕು. ಬರೆದು ಕಳಿಸಿ, ಗೆದ್ದೆ ಎಂದುಕೊಂಡು ಮಧ್ಯಾಹ್ನ ಒಂದು ನಿದ್ದೆ ತೆಗೆದೆ. ಶನಿವಾರ ಟೆಸ್ಟರ್ ಫೋನ್ ಮಾಡಿದರು.

"ಮೇಡಂ, ರಂಗೋಲಿ ಹೋಯ್ತು."

"ನೋಡಿದ್ರಾ!"

"ಈಗ ಪೂರ್ತಿ ಕಪ್ಪು ಮೇಡಂ. ಹತ್ತಕ್ಕೆ ಹತ್ತು ಸಲ."

ಫೋನು ಇಟ್ಟು ತಲೆ ಮೇಲೆ ಕೈ ಹೊತ್ತೆ. ಭಾನುವಾರ ವಿಜಯನಗರದಲ್ಲಿ ನನ್ನ ಗಂಡನ ದೊಡ್ಡಪ್ಪನ ಮೊಮ್ಮಗಳ ಮದುವೆ. ಹೋಗದೆ ಇರುವಂತಿಲ್ಲ. ರೇಷ್ಮೆ ಸೀರೆ ಉಟ್ಟು, ತಲೆಯೊಳಗೆ ಕಪ್ಪು ಸ್ಕ್ರೀನು ಇಟ್ಟುಕೊಂಡು ಹೋದೆ. ಅತ್ತೆ ಎಂದಿನಂತೆ ಮಾಂಗಲ್ಯಧಾರಣೆಯ ಹೊತ್ತಿಗೆ ಮಾಯವಾದರು. ಅಕ್ಷತೆ ಹಾಕಿ ನಾನು ಕೆಳಗೆ ಬಂದಾಗ ಊಟದ ಹಾಲು ಕಿಕ್ಕಿರಿದಿತ್ತು, ಉಣ್ಣುವವರ ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ನಿಂತು ಅವರ ಎಲೆಯನ್ನೇ ದಿಟ್ಟಿಸುತ್ತಿದ್ದರು. ಮೂರನೇ ಸಾಲಿನಲ್ಲಿ ನಾಲ್ಕು ಕುರ್ಚಿಗಳ ಮೇಲೆ ನಮ್ಮನೆಯ ಸಾಮಾನು ಕಂಡಿತು. ಒಂದರ ಮೇಲೆ ಅತ್ತೆಯ ಕನ್ನಡಕದ ಡಬ್ಬಿ. ಅದನ್ನೆತ್ತಿ ಕೂರಲು ಹೋದೆ.

ಪಕ್ಕದ ಕುರ್ಚಿಯ ಹೆಂಗಸು ಥಟ್ಟನೆ ಡಬ್ಬಿಯ ಮೇಲೆ ಕೈಯಿಟ್ಟರು. "ಇಲ್ಲಿ ಬರ್ತಾರಮ್ಮ."

"ಬರೋದು ನಾನೇ ಆಂಟಿ."

"ಎಲ್ರೂ ಹಾಗೇ ಅಂತಾರೆ. ಇಲ್ಲಿಗೆ ನೀವು ಮೂರನೆಯೋರು. ಆ ಅಜ್ಜಿ ನನಗೆ ಹೇಳಿ ಹೋಗಿದಾರೆ, ಯಾರು ಬಂದ್ರೂ ಬಿಡಬೇಡಿ ಅಂತ."

"ಅವರು ನಮ್ಮತ್ತೆ. ನನಗೇ ಇಟ್ಟಿರೋದು."

"ಇರಬಹುದು, ನಂಗೇನು ಗೊತ್ತು? ನನ್ನ ಮಾತು ನಾನು ಉಳಿಸ್ಕೋಬೇಕಲ್ಲ."

ನನಗೆ ಸಿಟ್ಟು ಬರುವುದು ಬೇಗ. ಬಾಯಿ ತೆರೆದೆ. ಆದರೆ ತೆರೆದ ಬಾಯಿ ಹಾಗೇ ನಿಂತುಬಿಟ್ಟಿತು, ಕಪ್ಪು ಸ್ಕ್ರೀನಿನ ಕಾರಣ ಕಣ್ಣೆದುರೇ ಇತ್ತು. ಶುಕ್ರವಾರ ನಾನು ಬರೆದದ್ದು ಈ ಆಂಟಿಯನ್ನೇ. ಯಾರು ಬಂದರೂ ಬಿಡಬೇಡ ಎಂದು ಕಾವಲು ಕೂರಿಸಿದ್ದೆ, ಕೊನೆಯಲ್ಲಿ ಸ್ಕ್ರೀನಿಗೆ ಬಾಯಾಗಬೇಕಾದ ಅದರ ಸ್ವಂತ ಡ್ರೈವರು ಬಂದು ನನ್ನ ಜಾಗ ಕೊಡಿ ಅಂದರೆ ಅದಕ್ಕೂ ಇಲ್ಲ ಅಂದಿತ್ತು. ಕಾದಿರಿಸಿದ್ದು ಯಾರಿಗೋ ಅವರನ್ನೇ ಹೊರಗೆ ನಿಲ್ಲಿಸಿತ್ತು.

"ಆಂಟಿ," ಎಂದೆ, ಈಗ ಬಹಳ ಪ್ರೀತಿಯಿಂದ, "ನಾನೇ ಅಂತ ಗೊತ್ತಾಗಬೇಕಾದ್ರೆ ಏನು ಮಾಡಬೇಕು?"

ಆಂಟಿ ಯೋಚಿಸಿದರು. "ಡಬ್ಬಿ ಒಳಗೆ ಏನಿದೆ ಹೇಳಿ."

"ಕನ್ನಡಕ ಇಲ್ಲ. ಕನ್ನಡಕ ಅವರ ಮುಖದ ಮೇಲಿದೆ. ಒಳಗೆ ಒಂದು ಏಲಕ್ಕಿ, ಎರಡು ಸೇಫ್ಟಿ ಪಿನ್ನು, ಮಧ್ಯಾಹ್ನದ ಮಾತ್ರೆ."

ಆಂಟಿ ಡಬ್ಬಿ ತೆಗೆದು ನೋಡಿ, "ಕೂತ್ಕೊಳ್ಳಮ್ಮ" ಎಂದು ಕುರ್ಚಿಯನ್ನು ತಾವೇ ಎಳೆದುಕೊಟ್ಟರು. ನನ್ನ ಡ್ರೈವರಿಗೂ ಇದೇ ದಾರಿ: ಎಲ್ಲಿ ಕೂರಬೇಕು, ಎಷ್ಟು ಜಾಗ ಎಂಬುದನ್ನು ಸರಿಯಾಗಿ ಹೇಳುವವರನ್ನು ಒಳಗೆ ಬಿಡಬೇಕು, ಉಳಿದವರನ್ನು ಬಿಡಬಾರದು. ಇನ್ನು ನಾಲ್ಕು ಸಾಲು ಬರೆದರೆ ಆಯಿತು. ಖುಷಿಯಲ್ಲಿ ಎಲೆಗೆ ನೀರು ಚಿಮುಕಿಸಿದೆ. ನನ್ನ ಗಂಡ, ನಾದಿನಿ, ನಾದಿನಿಯ ಗಂಡ ಬಂದು ಉಳಿದ ಮೂರು ಕುರ್ಚಿಗಳಲ್ಲಿ ಕೂತರು. ಅತ್ತೆ ನಮ್ಮ ಹಿಂದೆ ನಿಂತು, ನಾಲ್ಕೂ ತಲೆ ಬಂದವೇ ಎಂದು ನೋಡಿಕೊಳ್ಳುತ್ತಿದ್ದರು.

"ನೀವು ಎಲ್ಲಿ ಅತ್ತೆ?"

"ನಂದೇನು, ಆಮೇಲೆ ಕೊನೇ ಪಂಕ್ತೀಲಿ ಕೂತ್ಕೋತೀನಿ. ಆ ಮಾತ್ರೆ ಕೊಡು ಇಲ್ಲಿ."

ಊಟಕ್ಕೆ ಮುಂಚೆ ನುಂಗಬೇಕಾದ ಮಾತ್ರೆ ಅದು. ಅವರ ಕೈಯಲ್ಲಿ ಇನ್ನೂ ಒಂದು ಕರ್ಚೀಫು ಇತ್ತು, ಅದರಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಅವರು ಹಿಡಿದಿಟ್ಟ ಜಾಗಗಳಲ್ಲಿ ಕೂತು ಉಂಡಿದ್ದೇನೆ, ಅವರೆಲ್ಲಿ ಕೂತರು ಎಂದು ಒಂದು ಸಲವೂ ತಿರುಗಿ ನೋಡಿಲ್ಲ. ಎದ್ದು ಅವರನ್ನು ಕೂರಿಸಬೇಕಿತ್ತು. ಅಷ್ಟರಲ್ಲಿ ಎಲೆಗೆ ಬಿಸಿ ಹೋಳಿಗೆ ಬಿತ್ತು, ಮೇಲೆ ತುಪ್ಪ ಬಿತ್ತು. ನಾನು ಏಳಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಎರಡನೇ ಹೋಳಿಗೆಯನ್ನೂ ಹಾಕಿಸಿಕೊಂಡೆ.

ಸೋಮವಾರ ನಾಲ್ಕು ಸಾಲು ಬರೆದೆ. ಟೆಸ್ಟರ್ ಒಂದಿಡೀ ದಿನ ಯಂತ್ರವನ್ನು ಏಳಿಸಿ ಮಲಗಿಸಿ ಸುಸ್ತು ಮಾಡಿದರು, ರಂಗೋಲಿಯೂ ಇಲ್ಲ, ಕಪ್ಪೂ ಇಲ್ಲ. "ನಂಬೋಕಾಗ್ತಿಲ್ಲ ಮೇಡಂ" ಎಂದು ಬೇಜಾರಿನಿಂದ ಒಪ್ಪಿಕೊಂಡರು. ಬುಧವಾರ ಬೆಳಿಗ್ಗೆ ಕಸ್ಟಮರ್ ಕಡೆಯವರಿಗೆ ಏನು ತಪ್ಪಾಗಿತ್ತು, ಹೇಗೆ ಸರಿಹೋಯಿತು ಎಂದು ನಾನು ವಿವರಿಸಬೇಕಿತ್ತು. ಅವರು ನಾಲ್ಕು ಜನ, ನಮ್ಮ ಮ್ಯಾನೇಜರು, ಟೆಸ್ಟರು, ಎಲ್ಲರೂ ಸ್ಕ್ರೀನಿನ ಮೇಲೆ ಚೌಕ ಚೌಕವಾಗಿ ಕೂತಿದ್ದರು. ಹಳೆಯ ಟಿಪ್ಪಣಿಯನ್ನು ಅಳಿಸಿ ಹೊಸದನ್ನು ಬರೆದಿದ್ದೆ, ಅದನ್ನೇ ತೋರಿಸಿ ಇಂಗ್ಲಿಷಿನಲ್ಲಿ ಶುರು ಮಾಡಿದೆ: ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಖಾಲಿ ಎಂದು ತಿಳಿಯಬಾರದು, ನಮಗಿಂತ ಮೊದಲಿನಿಂದ ಇಲ್ಲಿ ಒಬ್ಬರು ಇದ್ದಾರೆ.

ಬಾಗಿಲು ಎರಡು ಬೆರಳಷ್ಟು ತೆರೆಯಿತು. ಬಿ.ಪಿ. ಮಾತ್ರೆಯ ಹೊತ್ತು. ಅತ್ತೆ ಇಣುಕಿ, ನಾನು ಮಾತಾಡುತ್ತಿರುವುದನ್ನು ನೋಡಿ ಬಗ್ಗಿದರು. ಅಂದು ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ಇಳಿಸಿಟ್ಟಿದ್ದೆ. ಅದು ಅವರ ಕಣ್ಣಿಗೆ ಬಿತ್ತೆಂದು ಕಾಣುತ್ತದೆ, ಬಗ್ಗಿದ್ದು ಸಾಲದು ಎಂದು ಕೈ ಮಂಡಿ ಊರಿ ನೆಲದ ಮೇಲೆ ಅಂಬೆಗಾಲಿಟ್ಟರು. ಯು.ಪಿ.ಎಸ್ಸಿನ ಮೂಲೆಗೆ ಹಣೆ ತಗುಲಿತು. ಶಬ್ದ ಬರದಿರಲೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು, ನನ್ನ ಕಡೆ ನೋಡಿ, ನೀನು ಮಾತಾಡು ಎಂಬಂತೆ ಕೈಬೀಸಿದರು.

ತನ್ನ ರೂಮಿನಲ್ಲಿ, ತನ್ನ ಬೀರುವಿನ ಕಡೆಗೆ, ತನ್ನ ಮಾತ್ರೆಗಾಗಿ ಆ ಹೆಂಗಸು ಅಂಬೆಗಾಲಿಟ್ಟು ಹೋಗುತ್ತಿದ್ದರು, ನಾನು ತಿರುಗುವ ಕುರ್ಚಿಯಲ್ಲಿ ಕೂತು ಊರಿಗೆಲ್ಲ ನ್ಯಾಯ ಹೇಳುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಕುರ್ಚಿ ಬಿಟ್ಟು ಎದ್ದು, ಅವರ ಎರಡೂ ತೋಳು ಹಿಡಿದೆ.

"ಎದ್ದು ನಿಲ್ಲಿ ಅತ್ತೆ."

"ಅಯ್ಯೋ, ಕಾಣ್ತೀನಿ ಕಣೇ!"

"ಕಾಣಲಿ."

ನೆರಿಗೆ ಸರಿ ಮಾಡಿಕೊಳ್ಳುತ್ತ, ಹಣೆಯ ಮೇಲೆ ಕೆಂಪು ಗುರುತಿನೊಂದಿಗೆ ಅತ್ತೆ ಪೂರ್ತಿ ಎತ್ತರಕ್ಕೆ ನಿಂತರು. ಮೊದಲು ಬಾಯಿ ಬಿಟ್ಟವರು ಟೆಸ್ಟರ್. "ನಮಸ್ಕಾರ ಅಮ್ಮ" ಅಂದರು. ಅತ್ತೆ ಕೈ ಮುಗಿದು, "ತಿಂಡಿ ಆಯ್ತಾ ಎಲ್ರುದೂ?" ಎಂದು ವಿಚಾರಿಸಿದರು. ಕಸ್ಟಮರ್ ಕಡೆಯ ಒಬ್ಬರು ಆಗಿದೆ ಎಂದರು. ಮ್ಯಾನೇಜರು ಮಾತ್ರ ನನ್ನ ಹಿಂದಿನ ಬೀರುವನ್ನೇ ನೋಡುತ್ತಿದ್ದರು. ಅಂದು ಅದರ ಮೇಲೆ ಬೆಡ್‌ಶೀಟು ಇರಲಿಲ್ಲ.

ಮೀಟಿಂಗು ಮುಗಿದ ಮೇಲೆ ಅವರೊಬ್ಬರೇ ಉಳಿದರು. "ಮೇಡಂ, ಫಾರಮ್ಮಲ್ಲಿ ಕೆಲಸಕ್ಕೇ ಸೆಪರೇಟ್ ರೂಮ್ ಇದೆ ಅಂತ ಹಾಕಿದ್ರಿ?"

"ಇಲ್ಲ ಸಾರ್. ಇದು ನಮ್ಮತ್ತೆ ರೂಮು. ನಾನು ಹದಿನೈದು ದಿನಕ್ಕೆ ಅಂತ ಕೇಳಿ ತಗೊಂಡಿದ್ದೆ."

"ಯಾವಾಗ?"

ಹೇಳಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿ, ಮುಂದಿನ ವಾರದಿಂದ ಆಫೀಸಿಗೆ ಬನ್ನಿ ಅಂದರು.

ಭಾನುವಾರ ಮೇಜು ಹಾಲಿನ ಮೂಲೆಗೆ ಬಂತು. ಡಬ್ಬಗಳು ತೇಗದ ಮಂಚದ ಕೆಳಗೆ ಹೋದವು, ಆ ಮಂಚದಿಂದ ಆದ ಮೊದಲ ಉಪಕಾರ ಅದು. ನನ್ನ ಗಂಡ ಸ್ಕ್ರೂಡ್ರೈವರ್ ಹಿಡಿದು, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದು ನಗುತ್ತಿದ್ದರು. "ನಿಮ್ಮ ಟಿ.ವಿ.ಗೂ ಒಂದು ಕಾಲ ಬರತ್ತೆ, ಸುಮ್ನಿರಿ" ಅಂದೆ. ಅತ್ತೆ ನನ್ನ ಹಿಂದೆ ಹಿಂದೆಯೇ ತಿರುಗುತ್ತ, "ನನಗ್ಯಾಕೆ ರೂಮು, ಹಗಲೆಲ್ಲ ಖಾಲಿ ಇರತ್ತಲ್ಲ, ಮೆಟ್ರೋದಲ್ಲಿ ಅಷ್ಟು ದೂರ ನಿಂತ್ಕೊಂಡು ಹೋಗ್ತೀಯಾ" ಎಂದು ರಗಳೆ ತೆಗೆದರು. ಹೊಸ ಹಾಸು ಹಾಸಿ, ದೇವರ ಕ್ಯಾಲೆಂಡರನ್ನು ಮೊದಲಿದ್ದ ಮೊಳೆಗೇ ಹಾಕಿದೆ. ಆದರೂ ಮಲಗುವ ಹೊತ್ತಿಗೆ ಅವರು ದಿಂಬು ಹಿಡಿದು ಹೊರಟದ್ದು ದಿವಾನಕ್ಕೇ.

ಆಗ ನನಗೆ ದಾರಿ ಹೊಳೆಯಿತು. ಟಿ.ವಿ. ಪಕ್ಕದಲ್ಲಿದ್ದ ಅವರ ಕನ್ನಡಕದ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಆ ಹಾಸಿಗೆಯ ನಟ್ಟನಡುವೆ ಇಟ್ಟು ಬಂದೆ.

"ಅತ್ತೆ, ಅಲ್ಲಿ ಡಬ್ಬಿ ಇಟ್ಟಿದೆ. ಡಬ್ಬಿ ಇಟ್ಟ ಮೇಲೆ ಬೇರೆಯೋರು ಕೂರೋ ಹಾಗಿಲ್ಲ. ಯಾರಿಗೆ ಇಟ್ಟಿದೆಯೋ ಅವರು ಕೂರದೆ ಇರೋ ಹಾಗೂ ಇಲ್ಲ."

ಅತ್ತೆ ಬಾಗಿಲಲ್ಲಿ ನಿಂತು ಹಾಸಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಈ ಒಂದು ಕಾನೂನನ್ನು ಅವರು ಜನ್ಮದಲ್ಲಿ ಮುರಿದವರಲ್ಲ. "ದೊಡ್ಡೋಳಾಗಿಬಿಟ್ಟೆ" ಎಂದು ಗೊಣಗಿಕೊಂಡು, ದಿಂಬಿನ ಸಮೇತ ಒಳಗೆ ಹೋದರು.

ಈಗ ವಾರಕ್ಕೆ ಮೂರು ದಿನ ವಿಜಯನಗರದಲ್ಲಿ ಮೆಟ್ರೋ ಹತ್ತುತ್ತೇನೆ. ಅಷ್ಟು ಹೊತ್ತಿಗೆ ಕೆಂಗೇರಿಯವರು, ದೀಪಾಂಜಲಿ ನಗರದವರು ಎಲ್ಲ ಕೂತಾಗಿರುತ್ತದೆ. "ಕಿಟಕಿಯಿಂದ ಕರ್ಚೀಫ್ ಹಾಕೋಕಾಗಲ್ವಾ?" ಎಂದು ಅತ್ತೆ ಕೇಳಿದರು. ಕಿಟಕಿ ತೆರೆಯುವುದಿಲ್ಲ ಎಂದೆ. "ಅದೆಂಥ ರೈಲು" ಎಂದರು. ಮನೆಯಲ್ಲಿರುವ ದಿನ ಹಾಲಿನ ಮೂಲೆಯಲ್ಲಿ ಕೂರುತ್ತೇನೆ. ಕುಕ್ಕರಿನ ವಿಷಲ್ಲು, ಸೊಪ್ಪಿನವಳ ಕೂಗು ಎಲ್ಲವೂ ಮೀಟಿಂಗಿನಲ್ಲಿ ಭಾಗವಹಿಸುತ್ತವೆ. ಕಷ್ಟವೇನೋ ಹೌದು, ಹೋದ ರೂಮಿನ ಮೇಲೆ ಒಮ್ಮೊಮ್ಮೆ ಆಸೆಯೂ ಆಗುತ್ತದೆ.

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಟೆಸ್ಟರ್ ಫೋನ್ ಮಾಡಿ, ನನ್ನ ಇನ್ನೊಂದು ತಪ್ಪು ಸಿಕ್ಕಿದೆ ಎಂದು ಹಬ್ಬ ಮಾಡುತ್ತಿದ್ದರು. ನಾನೂ ದನಿಯೇರಿಸಿ ವಾದ ಮಾಡುತ್ತಿದ್ದೆ. ಒಳಗಿನಿಂದ ಚಿಲಕ ಹಾಕಿದ್ದ ಬಾಗಿಲ ಹಿಂದೆ ಮಂಚ ಕಿರುಗುಟ್ಟಿತು, ಆಮೇಲೆ ನಾನು ಈ ಮನೆಯಲ್ಲಿ ಇಷ್ಟು ವರ್ಷ ಕೇಳಿರದ ಒಂದು ಗದರಿಕೆ ಬಂತು.

"ಏಯ್, ಸ್ವಲ್ಪ ಮೆತ್ತಗೆ ಮಾತಾಡೇ! ಇಲ್ಲಿ ಒಬ್ಬಳು ಮಲಗಿದೀನಿ."

"ಯಾರು ಮೇಡಂ ಅದು?" ಎಂದರು ಟೆಸ್ಟರ್.

"ನಮ್ಮತ್ತೆ. ಅವರ ರೂಮಲ್ಲಿದಾರೆ" ಎಂದು ದನಿ ತಗ್ಗಿಸಿ ಹೇಳಿ, ಫೋನು ಹಿಡಿದುಕೊಂಡು ವರಾಂಡಕ್ಕೆ ಹೋದೆ.